ಹನ್ನೆರಡನೇ ಚೌಕಿಯ ತೀರ್ಪು

ಗುಂಡು ಹಾರಿದ ನಾಲ್ಕು ನಿಮಿಷದೊಳಗೆ ಅದು ಯಾವ ದಂಡೆಯಿಂದ ಹಾರಿತು ಎಂಬುದು ಎರಡೂ ದಂಡೆಯ ಜನಕ್ಕೆ ಒಟ್ಟಿಗೇ ತಿಳಿಯುವಂತಾದ ಮೇಲೆ, ದ್ರೀವ ನದಿಯ ಕಣಿವೆಯಲ್ಲಿ ಹದಿನಾಲ್ಕು ತಿಂಗಳು ಯಾರೂ ಸಾಯಲಿಲ್ಲ.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅಲ್ಲಿ ಯುದ್ಧ ನಡೆದಿತ್ತು. ನದಿಯ ಉತ್ತರ ದಂಡೆ ಕಾಸ್ತಾರಾ ಗಣರಾಜ್ಯದ ಕೈಯಲ್ಲಿ. ದಕ್ಷಿಣ ದಂಡೆ ಇಲೂನ್ ಪ್ರಾಂತ್ಯ. ಅಲ್ಲಿಯವರ ಭಾಷೆ ಬೇರೆ, ಹಾಡು ಬೇರೆ. ತಮಗೆ ತಮ್ಮದೇ ದೇಶ ಬೇಕೆಂದು ಅವರು ಬಂದೂಕು ಹಿಡಿದಿದ್ದರು. ಹನ್ನೊಂದು ಸಲ ಕದನವಿರಾಮವಾಗಿ ಹನ್ನೊಂದು ಸಲವೂ ಮುರಿದುಬಿದ್ದಿತ್ತು. ಪ್ರತಿಸಲವೂ ಆದದ್ದು ಒಂದೇ. ಎಲ್ಲೋ ಒಂದು ಫಿರಂಗಿಯ ಶೆಲ್ ಬೀಳುತ್ತದೆ. ನಾವಲ್ಲ, ಅವರು ಎಂದು ಇವರೂ, ನಾವಲ್ಲ, ಇವರು ಎಂದು ಅವರೂ ಹೇಳುತ್ತಾರೆ. ತನಿಖೆಯ ವರದಿ ಬರುವಷ್ಟರಲ್ಲಿ ಎರಡೂ ಕಡೆ ನೂರಾರು ಹೊಸ ಗೋರಿಗಳಾಗಿರುತ್ತವೆ. ಹನ್ನೆರಡನೆಯ ಸಲ ವಿಶ್ವ ಸಂಧಾನ ಸಂಸ್ಥೆ ಸೈನಿಕರ ಬದಲು ಒಂದು ಯಂತ್ರವನ್ನು ಕರೆತಂದಿತು. ಅದರ ಜೊತೆ ಬಂದವಳು ನೀಲಗಂಗಾ ಹೂಗಾರ್.

ನೀಲಗಂಗಾ ರಾಯಚೂರು ಜಿಲ್ಲೆಯ ಹಟ್ಟಿಯವಳು, ಚಿನ್ನದ ಗಣಿಯ ಊರಿನವಳು. ಗಣಿಯ ಆಳದಲ್ಲಿ ಬಂಡೆ ಸಿಡಿಯುವ ಮೊದಲು ಮಾಡುವ ಸಣ್ಣ ಸದ್ದುಗಳನ್ನು ಹಿಡಿಯುವುದು ಅವಳು ಕಲಿತ ವಿದ್ಯೆ. ಕಣಿವೆಯ ಎರಡೂ ದಂಡೆಗಳಲ್ಲಿ ಇನ್ನೂರ ನಲವತ್ತು ಕಿಲೋಮೀಟರ್ ಹಳೆಯ ಟೆಲಿಫೋನ್ ಕೇಬಲ್ಲು ಹೂತುಹೋಗಿತ್ತು. ಅದರೊಳಗಿನ ಗಾಜಿನ ಎಳೆಗೆ ಬೆಳಕಿನ ಮಿಡಿತ ಬಿಟ್ಟರೆ, ಹೆಜ್ಜೆಹೆಜ್ಜೆಗೂ ಒಂದಿಷ್ಟು ಬೆಳಕು ಚದುರಿ ಹಿಂದಕ್ಕೆ ಬರುತ್ತದೆ. ನೆಲ ನಡುಗಿದ ಕಡೆ ಎಳೆ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಹಿಂದಿರುಗುವ ಬೆಳಕು ಅಷ್ಟೇ ಬದಲಾಗುತ್ತದೆ. ನಡುಕ ಯಾವ ದಂಡೆಯ ಎಳೆಗೆ ಮೊದಲು ಮುಟ್ಟಿತು, ಎಷ್ಟು ಹೊತ್ತಿಗೆ ಎಲ್ಲಿಗೆ ಹರಡಿತು ಎಂದು ಲೆಕ್ಕ ಹಾಕಿದರೆ ಗುಂಡು ಹೊರಟ ಜಾಗ ಸಿಗುತ್ತದೆ. ಕಾಗದಪತ್ರಗಳಲ್ಲಿ ಅದಕ್ಕೆ ಆರು ಪದದ ಇಂಗ್ಲಿಷ್ ಹೆಸರಿತ್ತು. ನೀಲಗಂಗಾ ಅದನ್ನು ನೆಲಗಿವಿ ಎನ್ನುತ್ತಿದ್ದಳು. ಕಣಿವೆಯ ಜನ ಎರಡೂ ಭಾಷೆಯಲ್ಲಿ ಅದಕ್ಕೆ ಇಟ್ಟ ಹೆಸರು ಅಜ್ಜಿ. ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುವವಳು.

ಜನ ಅಜ್ಜಿಯ ಜೊತೆ ಬದುಕಲು ಬೇಗ ಕಲಿತರು. ಮದುವೆಗಳಲ್ಲಿ ನೆಲ ಗುದ್ದಿ ಕುಣಿಯುವ ಪದ್ಧತಿ ಅಲ್ಲಿಯದು. ಕುಣಿತಕ್ಕೆ ಮೊದಲು ನಿಯಂತ್ರಣ ಕೊಠಡಿಗೆ ಫೋನು ಮಾಡಿ, "ಅಜ್ಜಿಗೆ ಹೇಳಿಬಿಡಿ, ನಮ್ಮ ಮನೆಯಲ್ಲಿ ಮದುವೆ" ಎನ್ನುತ್ತಿದ್ದರು. ತೀರ್ಪು ತೋರಿಸಲು ಊರಿನ ಚೌಕದಲ್ಲಿ ನಿಲ್ಲಿಸಿದ ದೊಡ್ಡ ಫಲಕದ ನಡುಕದ ದೀಪ ಮಿನುಗಲೆಂದು ಶಾಲೆಯ ಹುಡುಗಿಯರು ಕೈಕೈ ಹಿಡಿದು ಒಟ್ಟಿಗೆ ನೆಗೆಯುತ್ತಿದ್ದರು. ಮುದುಕರು ಮಾತ್ರ ಕೇಬಲ್ಲಿದ್ದ ಕಡೆ ಚಪ್ಪಲಿ ಬಿಚ್ಚಿ, ಗೋರಿಯ ಮೇಲೆ ನಡೆದಂತೆ ಮೆಲ್ಲಗೆ ನಡೆಯುತ್ತಿದ್ದರು. ದಂಡೆ ದಾಟಿ ನೆಂಟರನ್ನು ನೋಡಿಬರುವವರ ಹೆಜ್ಜೆಯೂ ಅಜ್ಜಿಗೆ ಕೇಳಿಸುತ್ತಿತ್ತು. ಅದನ್ನು ಯಾರಿಗೂ ಹೇಳಬಾರದು, ಗುಂಡಿನ ಸದ್ದನ್ನು ಮಾತ್ರ ಹೇಳಬೇಕು ಎಂಬುದು ಒಪ್ಪಂದದ ನಾಲ್ಕನೇ ಕಲಮು.

ಮಾರ್ಚ್ ಹತ್ತೊಂಬತ್ತರ ಬೆಳಿಗ್ಗೆ ಎಂಟು ಹತ್ತಕ್ಕೆ ಉತ್ತರ ದಂಡೆಯ ಪೆಲೀನ್ ಪಟ್ಟಣದಲ್ಲಿ, ಬ್ರೆಡ್ಡಿನ ಸಾಲಿನ ಮೇಲೆ ಶೆಲ್ ಬಿತ್ತು. ಒಂಬತ್ತು ಜನ ಸತ್ತರು.

ಆಗ ನೀಲಗಂಗಾ ಕೊಠಡಿಯಲ್ಲೇ ಇದ್ದಳು. ಪರದೆಯ ಮೇಲೆ ನಡುಕದ ಗೆರೆಗಳು ಎದ್ದವು, ಕೂಡಿದವು, ಒಂದು ಚುಕ್ಕೆಯಾದವು. ಇಲೂನ್ ದಂಡೆ. ಹನ್ನೆರಡನೇ ಚೌಕಿ. ಖಚಿತತೆ ನೂರಕ್ಕೆ ತೊಂಬತ್ತಾರು. ಯಂತ್ರ ತಾನಾಗಿ ಪ್ರಕಟಿಸುವಂತಿರಲಿಲ್ಲ, ಮನುಷ್ಯರೊಬ್ಬರು ಗುಂಡಿ ಒತ್ತಬೇಕಿತ್ತು. ಅವಳು ತೊಂಬತ್ತಾರನ್ನು ನೋಡಿದಳು, ಒತ್ತಿದಳು. ಎರಡೂ ದಂಡೆಯ ಫಲಕಗಳ ಮೇಲೆ ಅದೇ ಮೂರು ಸಾಲು ಬೆಳಗಿದವು.

ಒಪ್ಪಂದದ ಪ್ರಕಾರ ತಪ್ಪಿತಸ್ಥ ಚೌಕಿಯ ನಾಯಕನನ್ನು ಒಪ್ಪಿಸಬೇಕು. ಅವನ ಹೆಸರು ದಾರೆನ್ ಮುಖ್ತಿ, ಮೂವತ್ತೊಂದು ವರ್ಷ, ಮೊದಲು ಜೇನು ಸಾಕುತ್ತಿದ್ದವನು. ನಾವು ಹಾರಿಸಿಲ್ಲ ಎಂದು ಅವನು ಹೇಳುತ್ತಲೇ ಇದ್ದ. ಇಲೂನಿನ ಹಿರಿಯರು ಎರಡು ದಿನ ಕೂತು ಮಾತಾಡಿ ಅವನನ್ನು ಸೇತುವೆಯ ಮೇಲೆ ಒಪ್ಪಿಸಿದರು. ಕಾಸ್ತಾರಾದ ಫಿರಂಗಿಗಳು ಸುಮ್ಮನಿದ್ದವು. ಶೆಲ್ಲಿಗೆ ಶೆಲ್ಲಿನ ಉತ್ತರ ಬಾರದೆ ಹೋದದ್ದು ಆ ಕಣಿವೆಯಲ್ಲಿ ಅದೇ ಮೊದಲು. ಲೋಕದ ಪತ್ರಿಕೆಗಳೆಲ್ಲ ಬರೆದವು. ಇಪ್ಪತ್ತಾರು ವರ್ಷದ ಜಗಳ ಮುಗಿಸುವ ಕೊನೆಯ ಒಡಂಬಡಿಕೆಗೆ ಮೇ ಎರಡರಂದು ಸಹಿ ಎಂದು ನಿಗದಿಯಾಯಿತು: ಇಲೂನಿಗೆ ತನ್ನದೇ ಶಾಸನಸಭೆ, ತನ್ನ ಭಾಷೆಯ ಶಾಲೆಗಳು, ಹತ್ತು ವರ್ಷದ ನಂತರ ಜನಮತ. ದಾರೆನ್‌ಗೆ ಕಾಸ್ತಾರಾದ ನ್ಯಾಯಾಲಯ ಇಪ್ಪತ್ತು ವರ್ಷ ಸಜೆ ಕೊಟ್ಟಿತು.

ಅವನನ್ನು ಒಪ್ಪಿಸಿದ ದಿನದಿಂದ ಪ್ರತಿ ಗುರುವಾರ ಅವನ ಹೆಂಡತಿ ಇರ್ಮಾ ಸೇತುವೆ ದಾಟಿ ಬಂದು ಸಂಸ್ಥೆಯ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಕೂಗಾಡಲಿಲ್ಲ, ಅರ್ಜಿ ಕೊಡಲಿಲ್ಲ. ನೀಲಗಂಗಾ ಹಾದುಹೋಗುವಾಗ ಎದ್ದು ನಿಲ್ಲುತ್ತಿದ್ದಳು, ಅಷ್ಟೆ. ಎರಡು ವರ್ಷದಿಂದ ಅಲ್ಲಿಯೇ ಇದ್ದ ನೀಲಗಂಗಾಳಿಗೆ ಎರಡೂ ಭಾಷೆ ಬರುತ್ತಿತ್ತು. ಮೂರನೇ ಗುರುವಾರ ಅವಳು ನಿಂತು ಕೇಳಿದಳು.

"ನನ್ನಿಂದ ಏನಾಗಬೇಕಮ್ಮ?"

"ಏನೂ ಬೇಡ ಅಕ್ಕ. ಅಜ್ಜಿ ಸುಳ್ಳು ಹೇಳೋಲ್ಲ ಅಂತಾರೆ. ನನ್ನ ಗಂಡನೂ ಸುಳ್ಳು ಹೇಳೋನಲ್ಲ. ಎರಡೂ ಹೇಗೆ ನಿಜ ಆಗುತ್ತೆ ಅಂತ ನಿಮಗೆ ಗೊತ್ತಾದ್ರೆ ಹೇಳಿ. ಕಾಯ್ತೀನಿ."

ನೀಲಗಂಗಾ ಒಳಗೆ ಹೋದಳು. ಗಂಡನನ್ನು ನಂಬುವ ಹೆಂಡತಿಯರು ಎಲ್ಲ ಕಡೆಯೂ ಇರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ನೀಲಗಂಗಾಳ ಗಂಡ ವಿರೂಪಾಕ್ಷಿ ಪೆಲೀನಿನ ಆಸ್ಪತ್ರೆಯಲ್ಲಿ ಕೃತಕ ಕಾಲು ಮಾಡುತ್ತಿದ್ದ. ಲಿಂಗಸುಗೂರಿನಲ್ಲಿದ್ದ ಕೆಲಸಕ್ಕೆ ದೀರ್ಘ ರಜೆ ಹಾಕಿ ಹೆಂಡತಿಯ ಜೊತೆ ಬಂದಿದ್ದವನಿಗೆ, ಬಂದ ವಾರದಲ್ಲೇ ಕೈತುಂಬ ಕೆಲಸ ಸಿಕ್ಕಿತ್ತು. ನೆಲದಲ್ಲಿ ಹೂತ ಮೈನುಗಳಿಂದ ಕಾಲು ಕಳೆದುಕೊಂಡವರು ಆ ಕಣಿವೆಯಲ್ಲಿ ಆರು ಸಾವಿರ ಮಂದಿ. ಎರಡೂ ದಂಡೆಯವರೂ ಅವನಲ್ಲಿಗೆ ಬರುತ್ತಿದ್ದರು. ಎರಡಕ್ಕೂ ಒಂದೇ ಅಚ್ಚು, ಒಂದೇ ರಬ್ಬರು ಎಂದು ಅವನು ಹೇಳುತ್ತಿದ್ದ.

ಏಪ್ರಿಲ್ ಒಂಬತ್ತರ ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಬಂದಾಗ ಅವನು ಬಾರ್ಲಿ ಹಿಟ್ಟಿನ ರೊಟ್ಟಿ ತಟ್ಟುತ್ತಿದ್ದ. ಅಂಚು ಸೀಳುತ್ತಿತ್ತು. ಜೋಳದ ಹಿಟ್ಟಿನ ಹದ ಇದಕ್ಕಿಲ್ಲ ಎಂದು ಗೊಣಗುತ್ತಲೇ ತಟ್ಟಿದ.

"ಇವತ್ತ ಮುಂಜಾನಿ ಎದಿ ಝಲ್ ಅಂತು ನೋಡು," ಎಂದ. "ಹಳೇ ಮೈನು ತೆಗಿಯೋ ಮಂದಿ ದವಾಖಾನಿ ಹಿಂದ ಸೇಬಿನ ತ್ವಾಟದಾಗ ಒಂದು ಸಿಡಿಸಿದ್ರು. ನಮ್ಮ ಕಿಟಕಿ ಗಾಜು ಎರಡು ಹೋದ್ವು."

"ಎಷ್ಟೊತ್ತಿಗೆ?"

"ಹತ್ತೂವರಿ ಆಗಿತ್ತು. ಯಾಕ?"

ಮೈನು ಸಿಡಿಸುವುದನ್ನು ಮೊದಲೇ ತಿಳಿಸಿರುತ್ತಾರಾದ್ದರಿಂದ ಅದು ಫಲಕಕ್ಕೆ ಹೋಗುವುದಿಲ್ಲ. ದಾಖಲೆಯಲ್ಲಿ ಮಾತ್ರ ಉಳಿಯುತ್ತದೆ. ಹತ್ತೂವರೆಯ ದಾಖಲೆಯನ್ನು ನೀಲಗಂಗಾ ನೋಡಿದ್ದಳು. ಅಜ್ಜಿ ಅದನ್ನು ಇಲೂನ್ ದಂಡೆ ಎಂದಿದ್ದಳು.

"ಸೇಬಿನ ತ್ವಾಟ ಈ ದಂಡಿಮ್ಯಾಗೇ ಅದ ಅಲ್ಲೇನ್ರೀ?"

"ಮತ್ತೆಲ್ಲಿರ್ತದ? ನಮ್ಮ ಗ್ವಾಡಿಗಿ ಹತ್ತಿಕೊಂಡೇ ಅದ. ಏನಾಗ್ಯದ, ರೊಟ್ಟಿ ಮುರದು ಹಂಗೇ ಹಿಡಕೊಂಡು ಕುಂತಿ?"

ಅವಳು ರೊಟ್ಟಿ ತಟ್ಟೆಗಿಟ್ಟು ಎದ್ದಳು. ವಿರೂಪಾಕ್ಷಿ ಅವಳ ಮುಖ ನೋಡಿ ತಡೆಯಲಿಲ್ಲ. ಎರಡು ರೊಟ್ಟಿ, ಒಂದಿಷ್ಟು ಪಲ್ಯ ಡಬ್ಬಿಗೆ ಹಾಕಿ ಕೈಗೆ ಕೊಟ್ಟ.

ನಾಲ್ಕು ದಿನ ಅವಳು ಆ ಲೆಕ್ಕವನ್ನು ಬಿಟ್ಟು ಏಳಲಿಲ್ಲ. ಅವಳ ಅಪ್ಪ ಗಣಿಯೊಳಗೆ ಕಬ್ಬಿಣದ ಸಲಾಕೆಯಿಂದ ಬಂಡೆ ತಟ್ಟಿ ನೋಡುವ ಕೆಲಸದಲ್ಲಿದ್ದವನು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಪೊಳ್ಳು. ಕಲ್ಲು ಒಂದೇ ಆದರೂ ನೀರು ಕುಡಿದ ದಿನ ಅದರ ದನಿ ಬೇರೆ ಎನ್ನುತ್ತಿದ್ದ. ಅವಳು ನೆಲದ ಉಷ್ಣತೆಯ ಪಟ್ಟಿ ತರಿಸಿದಳು. ಮಾರ್ಚ್ ಎರಡನೇ ವಾರ ಬಿಸಿಲು ಜೋರಾಗಿತ್ತು. ಉತ್ತರ ದಂಡೆಯ ಇಳಿಜಾರು ಸೂರ್ಯನಿಗೆ ಮುಖಮಾಡಿದ್ದು, ಅಲ್ಲಿಯ ಮಂಜು ಕರಗಿ ನೆಲ ಕೆಸರಾಗಿತ್ತು. ದಕ್ಷಿಣದ ಇಲೂನ್ ದಂಡೆ ಬೆಟ್ಟದ ನೆರಳಿನಲ್ಲಿದ್ದು ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ ನೆಲದಲ್ಲಿ ನಡುಕ ಓಡುತ್ತದೆ, ಕೆಸರಿನಲ್ಲಿ ತೆವಳುತ್ತದೆ. ಉತ್ತರ ದಂಡೆಯಲ್ಲಿ ಹೊರಟ ನಡುಕ ತನ್ನ ದಂಡೆಯ ಎಳೆಗೆ ಕೆಸರಿನಲ್ಲಿ ತೆವಳಿ ಮುಟ್ಟುವಷ್ಟರಲ್ಲಿ, ಆಳದ ಬಂಡೆಯೊಳಗಿಂದ ಹಾಯ್ದು ಎದುರು ದಂಡೆಯ ಎಳೆಗೆ ಮೊದಲೇ ಮುಟ್ಟಿರುತ್ತದೆ. ಅಜ್ಜಿ ಅದನ್ನು ಎದುರು ದಂಡೆಯದೆಂದೇ ತಿಳಿಯುತ್ತಾಳೆ. ಯಂತ್ರವನ್ನು ಹದಗೊಳಿಸಿದ್ದು ಮೊದಲ ಬಾರಿ ಹೂಡಿದಾಗ, ಅಕ್ಟೋಬರಿನಲ್ಲಿ, ಎರಡೂ ದಂಡೆ ಒಣಗಿದ್ದಾಗ. ಹಿಂದಿನ ವಸಂತದಲ್ಲಿ ಒಂದು ಗುಂಡೂ ಹಾರಿರಲಿಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ಹತ್ತೊಂಬತ್ತನೇ ತಾರೀಖಿನ ಶೆಲ್ಲನ್ನು ಅವಳು ಹೊಸದಾಗಿ ಲೆಕ್ಕ ಹಾಕಿದಳು. ಅದು ಹೊರಟದ್ದು ಉತ್ತರ ದಂಡೆಯಲ್ಲಿ, ಪೆಲೀನಿನ ಹಿಂದಿನ ಎರಡು ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ಎಲ್ಲೋ. ಸರಿಯಾಗಿ ಎಲ್ಲಿ, ಯಾರು ಎಂದು ಹೇಳಲು ಆಗುತ್ತಿರಲಿಲ್ಲ. ಹನ್ನೆರಡನೇ ಚೌಕಿ ಅಲ್ಲ ಎಂದು ಮಾತ್ರ ಹೇಳಬಹುದಿತ್ತು.

ತಾನು ಗುಂಡಿ ಒತ್ತಿದ ಬೆರಳನ್ನು ಅವಳು ಬಹಳ ಹೊತ್ತು ನೋಡಿಕೊಂಡು ಕೂತಳು. ಆಮೇಲೆ ಕಾಗದಗಳನ್ನು ಜೋಡಿಸಿಕೊಂಡು ಮುಖ್ಯಸ್ಥೆಯ ಕೋಣೆಗೆ ಹೋದಳು.

ಹಾನ್ನೆ ಲಿಂಡ್ವಿಕ್ ಕಣಿವೆಯಲ್ಲಿನ ಸಂಸ್ಥೆಯ ಮುಖ್ಯಸ್ಥೆ. ಅರವತ್ತು ದಾಟಿದ ನಾರ್ವೆಯ ಹೆಂಗಸು, ಹಿಂದಿನ ಎರಡು ಕದನವಿರಾಮಗಳು ಮುರಿದದ್ದನ್ನು ಇಲ್ಲೇ ನಿಂತು ನೋಡಿದವಳು. ಎರಡನೆಯದರಲ್ಲಿ ತನ್ನ ಮೂವರು ಸಹೋದ್ಯೋಗಿಗಳನ್ನು ಕಳೆದುಕೊಂಡಿದ್ದಳು. ಅವಳು ಪೂರ್ತಿ ಕೇಳಿದಳು, ಕಾಗದಗಳನ್ನು ಎರಡು ಸಲ ಓದಿದಳು.

"ನೀವು ಹೇಳೋದು ನಿಜ ಅಂತ ನನಗೆ ಅನ್ನಿಸುತ್ತೆ," ಎಂದಳು. "ಮೇ ಎರಡರವರೆಗೆ ತಡೀರಿ. ಸಹಿ ಆಗಲಿ. ಮೂರನೇ ತಾರೀಖು ಬೆಳಿಗ್ಗೆ ನಾನೇ ಹೇಳ್ತೀನಿ."

"ಅಲ್ಲಿಯವರೆಗೆ ಅವನು ಜೈಲಿನಲ್ಲಿ."

"ಹತ್ತೊಂಬತ್ತು ದಿನ. ಈ ಕಣಿವೆಯಲ್ಲಿ ಅರವತ್ತು ಸಾವಿರ ಗೋರಿ ಇವೆ ನೀಲಗಂಗಾ. ಈಗ ಹೇಳಿದರೆ ಏನಾಗುತ್ತೆ ಗೊತ್ತಾ? ಪೆಲೀನಿನವರಿಗೆ ನಿಮ್ಮ ಮಕ್ಕಳನ್ನು ಕೊಂದದ್ದು ನಿಮ್ಮ ದಂಡೆಯವರೇ ಅಂತ ಹೇಳ್ತೀರಿ. ಇಲೂನಿನವರಿಗೆ ನಿಮ್ಮ ನಿರಪರಾಧಿಯನ್ನು ನೀವೇ ಒಪ್ಪಿಸಿದಿರಿ ಅಂತ ಹೇಳ್ತೀರಿ. ಅಜ್ಜಿಯನ್ನು ಯಾರೂ ನಂಬೋಲ್ಲ. ಅವಳೊಬ್ಬಳೇ ನಮ್ಮ ಹತ್ತಿರ ಇರೋದು."

ಲಿಂಡ್ವಿಕ್ ಅಂಜುಬುರುಕಿಯಲ್ಲ, ಸುಳ್ಳಿಯೂ ಅಲ್ಲ. ಆದರೆ ಮಂಜು ಅವರಿಬ್ಬರಿಗೂ ಕಾಯುವಂತಿರಲಿಲ್ಲ.

"ಮೇಡಂ, ಇನ್ನು ಹತ್ತು ದಿನದಲ್ಲಿ ಇಲೂನ್ ದಂಡೆಯೂ ಕರಗುತ್ತೆ. ಎರಡೂ ಕಡೆ ಒಂದೇ ಆದ ಮೇಲೆ ಅಜ್ಜಿ ಮತ್ತೆ ಸರಿಯಾಗಿಯೇ ಹೇಳ್ತಾಳೆ. ಆಮೇಲೆ ನಾನು ಎಷ್ಟು ಲೆಕ್ಕ ತೋರಿಸಿದರೂ ಅದು ಬರೀ ನನ್ನ ಮಾತು. ಸಹಿ ಕೆಡಬಾರದು ಅಂತ ಅದನ್ನು ಪಕ್ಕಕ್ಕೆ ಸರಿಸ್ತಾರೆ. ಕಣ್ಣಿಗೆ ತೋರಿಸಿ ಸಾಬೀತು ಮಾಡೋಕೆ ಮುಂದಿನ ಮಾರ್ಚ್‌ವರೆಗೆ ಕಾಯಬೇಕು. ಅಷ್ಟರಲ್ಲಿ ಯಾರಾದರೂ ಮತ್ತೊಂದು ಶೆಲ್ ಹಾರಿಸಿದರೆ?"

ಲಿಂಡ್ವಿಕ್ ಕಿಟಕಿಯ ಕಡೆ ತಿರುಗಿದಳು. "ನಾನು ಅನುಮತಿ ಕೊಡೋಲ್ಲ," ಎಂದಳು.

"ಸರಿ. ಒಂಬತ್ತನೇ ಕಲಮಿನ ಪ್ರಕಾರ ಎರಡು ಕಡೆಯ ಸಂಪರ್ಕಾಧಿಕಾರಿಗಳಲ್ಲಿ ಯಾರು ಬೇಕಾದರೂ ಯಂತ್ರದ ಪರೀಕ್ಷೆ ಕೇಳಬಹುದು. ನಾನು ಅವರಿಬ್ಬರಿಗೂ ಒಟ್ಟಿಗೆ ಹೇಳ್ತೀನಿ. ಒಬ್ಬರಿಗೆ ಮೊದಲು ಇನ್ನೊಬ್ಬರಿಗೆ ಆಮೇಲೆ ಹೇಳೋಲ್ಲ. ನಿಮಗೆ ತಿಳಿಸದೆ ಮಾಡಬಾರದು ಅಂತ ಬಂದೆ."

ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವನು ಒಂದು ಪುಟ್ಟ ಪಾದಕ್ಕೆ ಉಜ್ಜುಗಾಗದ ಹಾಕುತ್ತಿದ್ದ.

"ಕೆಲಸ ಹೋಗಬಹುದು," ಎಂದಳು.

"ಹೋದ್ರ ಹೋಗ್ತದ. ಹಟ್ಟಿ ಗಣಿಯಾಗ ಬಂಡಿಗಲ್ಲು ಇನ್ನೂ ಸಿಡಿಯಾಕತ್ಯಾವ." ಪಾದವನ್ನು ಬೆಳಕಿಗೆ ಹಿಡಿದು ನೋಡಿದ. "ನನ್ನ ಕೈಲೆ ಒಂದು ಕಾಲು ಅರ್ಧ ಇಂಚು ಗಿಡ್ಡ ಆತು ಅಂತಿಟಕೋ. ಹಾಕ್ಕೊಂಡಾಂವ ಕುಂಟತಾನ. ನಾ ಏನ್ ಮಾಡ್ಬೇಕು? ಕರದು, ತಪ್ಪಾಗ್ಯದಪ, ಬಿಚ್ಚು ಅನಬೇಕು. ಮತ್ತೇನದ."

"ಇದು ಅರ್ಧ ಇಂಚಿನ ಮಾತಲ್ರೀ."

"ಕುಂಟಾಂವಗ ಅದೂ ಸಣ್ಣದಲ್ಲ."

ಮರುದಿನ ಬೆಳಿಗ್ಗೆ ಇಬ್ಬರು ಸಂಪರ್ಕಾಧಿಕಾರಿಗಳೂ ನಿಯಂತ್ರಣ ಕೊಠಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಒಂದೇ ಮೇಜಿಗೆ ಕೂತರು. ಇಲೂನಿನ ಪರವಾಗಿ ರೂಸಾನ್ ಹೆಲಿಯಾ, ಯುದ್ಧಕ್ಕೆ ಮೊದಲು ಗಣಿತದ ಮೇಷ್ಟ್ರಾಗಿದ್ದವನು. ಕಾಸ್ತಾರಾದ ಪರವಾಗಿ ಮೇಜರ್ ತಾವಿತ್ ಓರ್ಕ. ಬ್ರೆಡ್ಡಿನ ಸಾಲಿನಲ್ಲಿ ಸತ್ತ ಒಂಬತ್ತು ಜನರಲ್ಲಿ ಒಬ್ಬಳು ಓರ್ಕನ ತಂಗಿಯ ಮಗಳು, ಹದಿನೇಳು ವರ್ಷದವಳು.

ನೀಲಗಂಗಾ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಗುಂಡಿ ಒತ್ತಿದ್ದು ತಾನೇ ಎಂಬುದನ್ನೂ ಹೇಳಿದಳು.

ಹೆಲಿಯಾ ಲೆಕ್ಕದ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡು ಬೆರಳಿಟ್ಟು ಓದಿದ. ಮೂರನೇ ಹಾಳೆಗೆ ಬಂದಾಗ ಅವನ ಕೈ ನಿಂತಿತು.

"ದಾರೆನ್ ನನ್ನ ವಿದ್ಯಾರ್ಥಿ," ಎಂದ. "ಸೇತುವೆ ತನಕ ಕೈಹಿಡಿದು ಕರೆದುಕೊಂಡು ಹೋದವನು ನಾನು. ಅಜ್ಜಿ ಹೇಳಿದ ಮೇಲೆ ಮುಗೀತು, ಒಪ್ಪಿಕೋ ಮಗು ಅಂತ ಹೇಳಿದೆ."

ಓರ್ಕ ಟೋಪಿ ತೆಗೆದುಕೊಂಡು ಎದ್ದು ಹೊರಗೆ ಹೋದ. ಅವನ ಜೀಪು ಬೆಟ್ಟದ ಕಡೆಗೆ ಹೋದ ಸದ್ದನ್ನು ಅಜ್ಜಿ ಕೂಡ ದಾಖಲಿಸಿಕೊಂಡಳು. ಇನ್ನು ಇವನು ತನ್ನ ಸರ್ಕಾರಕ್ಕೆ ಹೇಳಿ ಪರೀಕ್ಷೆಗೆ ಮೊದಲೇ ಎಲ್ಲ ನಿಲ್ಲಿಸುತ್ತಾನೆ ಎಂದು ನೀಲಗಂಗಾ ಅಂದುಕೊಂಡಳು. ಹೆಲಿಯಾ ಪರೀಕ್ಷೆಯ ಅರ್ಜಿ ಬರೆಯಲು ಹೊರಟಾಗ ಅವಳೇ ತಡೆದಳು. "ಒಂದು ದಿನ ಕೊಡಿ. ನೀವು ಕೇಳಿದರೆ, ನಿಮ್ಮವನನ್ನು ಬಿಡಿಸಿಕೊಳ್ಳೋಕೆ ಕೇಳಿದಿರಿ ಅಂತಾರೆ."

ಮರುದಿನ ಎಂಟು ಗಂಟೆಗೆ ಓರ್ಕ ಬಂದ. ಗಡ್ಡ ಬೋಳಿಸಿರಲಿಲ್ಲ. ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಒಂಬತ್ತನೇ ಕಲಮಿನ ಪ್ರಕಾರ ಪರೀಕ್ಷೆಯ ಬೇಡಿಕೆ, ಕೆಳಗೆ ಅವನ ಸಹಿ.

"ತಂಗಿ ಮನೆಗೆ ಹೋಗಿದ್ದೆ," ಎಂದ. "ದಿನಾ ಬೆಳಿಗ್ಗೆ ಎದ್ದು ಆ ದಾರೆನ್ ಹೆಸರು ಹಿಡಿದು ಶಾಪ ಹಾಕ್ತಾಳೆ. ಅದು ಬಿಟ್ಟರೆ ಅವಳಿಗೆ ಬೇರೆ ಮಾತಿಲ್ಲ. ಅವಳಿಗೆ ನಾನು ಏನೂ ಹೇಳಲಿಲ್ಲ ಮೇಡಂ. ಆದರೆ ತಪ್ಪು ಹೆಸರು ಅಂತ ಗೊತ್ತಿದ್ದೂ ಅವಳ ಪಕ್ಕದಲ್ಲಿ ಕೂತು ಊಟ ಮಾಡೋಕೆ ನನ್ನಿಂದ ಆಗಲಿಲ್ಲ. ಸಿಡಿಸಿ ನೋಡಿ. ನೀವು ಹೇಳಿದ್ದು ಸುಳ್ಳಾದರೆ ನಾನು ನಿಮ್ಮನ್ನು ಇಲ್ಲಿಂದ ಓಡಿಸ್ತೀನಿ."

ನಲವತ್ತೆಂಟು ಗಂಟೆಯ ನೋಟೀಸು ಮುಗಿದ ಮೇಲೆ, ಏಪ್ರಿಲ್ ಹದಿನೇಳರಂದು, ಮೈನು ತೆಗೆಯುವವರು ಪ್ರತಿ ದಂಡೆಯಲ್ಲಿ ಮೂರು ಕಡೆ ಒಂದೇ ತೂಕದ ಮದ್ದು ಹೂತರು. ಯಾವುದು ಯಾವಾಗ ಸಿಡಿಯುತ್ತದೆ ಎಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ ಓರ್ಕ ಮತ್ತು ಹೆಲಿಯಾ ಇಬ್ಬರ ಮುಂದೆ ಮೇಜಿನ ಮೇಲಿತ್ತು. ಪರದೆಯ ಮುಂದೆ ನೀಲಗಂಗಾ ಕೂತಳು. ಹಿಂದಿನ ಬಾಗಿಲಿನಿಂದ ಲಿಂಡ್ವಿಕ್ ಬಂದು ಗೋಡೆಗೆ ಒರಗಿ ನಿಂತಳು. ಯಾರೂ ಅವಳನ್ನು ಕರೆದಿರಲಿಲ್ಲ.

ಆರು ಸಲ ನೆಲ ನಡುಗಿತು. ಆರು ಸಲವೂ ಅಜ್ಜಿ ಅದನ್ನೇ ಹೇಳಿದಳು: ಇಲೂನ್ ದಂಡೆ, ಇಲೂನ್ ದಂಡೆ, ಇಲೂನ್ ದಂಡೆ. ಖಚಿತತೆ ತೊಂಬತ್ತೈದು, ತೊಂಬತ್ತೇಳು, ತೊಂಬತ್ತಮೂರು. ತಪ್ಪು ಹೇಳುವಾಗಲೂ ಅವಳ ದನಿ ನಡುಗಲಿಲ್ಲ.

ಓರ್ಕ ಲಕೋಟೆ ಒಡೆದು ಪಟ್ಟಿಯನ್ನು ಗಟ್ಟಿಯಾಗಿ ಓದಿದ. ಎರಡನೆಯದು ಉತ್ತರ ದಂಡೆ. ಮೂರನೆಯದು ಉತ್ತರ ದಂಡೆ. ಆರನೆಯದು ಉತ್ತರ ದಂಡೆ. ಓದಿ ಮುಗಿಸಿ, ಪರೀಕ್ಷಾ ಪತ್ರಕ್ಕೆ ತನ್ನ ಹೆಸರು ಬರೆದು, ಪೆನ್ನನ್ನು ಹೆಲಿಯಾನ ಕಡೆ ಸರಿಸಿದ. ಹೆಲಿಯಾನೂ ಬರೆದ. ಒಂದೇ ಕಾಗದದ ಮೇಲೆ ಆ ಎರಡು ಕಡೆಯ ಸಹಿ ಬೀಳಲು ಮೇ ಎರಡರವರೆಗೆ ಕಾಯಬೇಕೆಂದು ಎಲ್ಲರೂ ತಿಳಿದಿದ್ದರು.

"ನಾನು ಓದ್ತೀನಿ," ಎಂದಳು ಲಿಂಡ್ವಿಕ್. "ಪೆಲೀನಿನ ಚೌಕದಲ್ಲಿ, ಫಲಕದ ಕೆಳಗೆ ನಿಂತು. ಆಮೇಲೆ ಸೇತುವೆ ದಾಟಿ ಆ ಕಡೆ."

"ಗುಂಡಿ ಒತ್ತಿದವಳು ನಾನು ಮೇಡಂ."

"ಹಾಗಾದರೆ ಇಬ್ಬರೂ ಹೋಗೋಣ. ನಿಮ್ಮನ್ನು ಒಬ್ಬರನ್ನೇ ನಿಲ್ಲಿಸಿದರೆ ಸಂಸ್ಥೆ ನಿಮ್ಮ ಹಿಂದೆ ಅಡಗಿಕೊಂಡಿತು ಅಂತಾರೆ. ಅವರ ಮಾತು ಸರಿಯಾಗೇ ಇರುತ್ತೆ."

ಮಧ್ಯಾಹ್ನ ಮೂರಕ್ಕೆ ಚೌಕದಲ್ಲಿ ನಾನೂರು ಐನೂರು ಜನ ಸೇರಿದ್ದರು. ಲಿಂಡ್ವಿಕ್ ಸಂಸ್ಥೆಯ ಪರವಾಗಿ ತಪ್ಪೊಪ್ಪಿಗೆ ಓದಿದಳು. ನೀಲಗಂಗಾ ಕೆಸರು, ಮಂಜು, ನಡುಕ ಎಲ್ಲವನ್ನೂ ಅವರ ಭಾಷೆಯಲ್ಲೇ, ಬೇಸಾಯ ಮಾಡುವವರಿಗೆ ಅರ್ಥವಾಗುವ ಹಾಗೆ ಹೇಳಿದಳು. "ನಿಮ್ಮ ಹೊಲ ಯಾವಾಗ ಕರಗುತ್ತೆ, ಆಚೆ ದಂಡೆಯದು ಯಾವಾಗ ಕರಗುತ್ತೆ ಅಂತ ನಿಮ್ಮೆಲ್ಲರಿಗೂ ಗೊತ್ತಿತ್ತು. ನಾನು ಕೇಳಲಿಲ್ಲ. ನೂರಕ್ಕೆ ತೊಂಬತ್ತಾರು ಅಂತ ಕಂಡದ್ದನ್ನೇ ನಂಬಿದೆ. ದಾರೆನ್ ಮುಖ್ತಿ ನಿಮ್ಮವರನ್ನು ಕೊಲ್ಲಲಿಲ್ಲ."

ಜನದ ನಡುವಿನಿಂದ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಮುಂದೆ ಬಂದಳು. ಓರ್ಕನ ತಂಗಿ ಎಂದು ಅವಳ ಮುಖದಿಂದಲೇ ತಿಳಿಯುತ್ತಿತ್ತು.

"ಹಾಗಾದರೆ ಯಾರು?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ಈ ದಂಡೆಯಿಂದ ಬಂತು ಅನ್ನೋದಷ್ಟೇ ಗೊತ್ತು."

"ಒಂದು ಹೆಸರು ಕೊಟ್ಟಿದ್ದಿರಿ. ಅದನ್ನೂ ಕಿತ್ತುಕೊಂಡಿರಿ."

ಹಿಂದಿನಿಂದ ಯಾರೋ ಎಸೆದ ಕಲ್ಲು ಫಲಕಕ್ಕೆ ಬಡಿದು ಗಾಜು ಉದುರಿತು. ಇನ್ನೊಂದು ನೀಲಗಂಗಾಳ ಭುಜಕ್ಕೆ ತಾಗಿತು. ಮೂರನೆಯದು ಬರುವ ಮೊದಲು ಓರ್ಕ ಬಂದು ಅವಳ ಮುಂದೆ ನಿಂತ. ಅವನು ಕೈ ಎತ್ತಲಿಲ್ಲ, ಪಿಸ್ತೂಲು ಮುಟ್ಟಲಿಲ್ಲ. ಸಮವಸ್ತ್ರದಲ್ಲಿ ಸುಮ್ಮನೆ ನಿಂತು, ತಂಗಿಯ ಕಡೆ ನೋಡಿ, "ಪರೀಕ್ಷೆ ಕೇಳಿದವನು ನಾನು, ಇವರಲ್ಲ" ಎಂದ. ಅವಳು ತಿರುಗಿ ನಡೆದಳು. ಜನ ದಾರಿ ಬಿಟ್ಟರು, ಒಬ್ಬೊಬ್ಬರಾಗಿ ಕರಗಿದರು.

ಆ ವಾರ ಬಹಳ ಕೆಟ್ಟದಾಗಿತ್ತು. ಕಾಸ್ತಾರಾದ ಮಂತ್ರಿಯೊಬ್ಬ ಸಂಸ್ಥೆಯನ್ನು ದೇಶದಿಂದ ಹೊರಗಟ್ಟಬೇಕೆಂದ. ಇಲೂನಿನಲ್ಲಿ ದಾರೆನ್ನನ್ನು ಒಪ್ಪಿಸಿದ ಹಿರಿಯರ ಮನೆಗಳ ಮುಂದೆ ಗುಂಪು ಸೇರಿತು. ಮೇ ಎರಡರ ಸಹಿ ಮುಂದಕ್ಕೆ ಹೋಯಿತು. ಸಂಸ್ಥೆಯ ಕೇಂದ್ರ ಕಚೇರಿ ನೀಲಗಂಗಾಳ ಮೇಲೆ ವಿಚಾರಣೆ ಇಟ್ಟು, ಗುಂಡಿ ಒತ್ತುವ ಅಧಿಕಾರವನ್ನು ಕಿತ್ತುಕೊಂಡಿತು. ಮೂರು ದಿನ ಎರಡೂ ದಂಡೆಯವರು ನೆಲಮಾಳಿಗೆಗಳಿಗೆ ಹಿಟ್ಟು, ನೀರು ಸಾಗಿಸಿದರು. ವಿರೂಪಾಕ್ಷಿ ಆಸ್ಪತ್ರೆಯಲ್ಲೇ ಮಲಗಿದ, ಗಾಯಾಳುಗಳು ಬಂದರೆ ಇರಲಿ ಎಂದು.

ಯಾರೂ ಬರಲಿಲ್ಲ. ಯಾರೂ ಗುಂಡು ಹಾರಿಸಲಿಲ್ಲ. ಯಾಕೆಂದು ಆಮೇಲೆ ಪತ್ರಿಕೆಯವರು ಹಲವು ಕಾರಣ ಬರೆದರು. ಹೆಲಿಯಾ ಹೇಳಿದ ಕಾರಣ ಸರಳವಾಗಿತ್ತು: "ಇಪ್ಪತ್ತಾರು ವರ್ಷದಲ್ಲಿ ಯಾರಾದರೂ ತಪ್ಪಾಯ್ತು ಅಂದದ್ದನ್ನು ನಾವು ಕೇಳಿರಲಿಲ್ಲ. ಅದಕ್ಕೆ ಹೇಗೆ ಉತ್ತರ ಕೊಡಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ."

ದಾರೆನ್ ಬಿಡುಗಡೆಯಾಗಲು ಹತ್ತೊಂಬತ್ತು ದಿನ ಹಿಡಿಯಿತು. ಬಂದ ಮೊದಲ ಗುರುವಾರ ಇರ್ಮಾಳ ಜೊತೆ ಕಚೇರಿಗೆ ಬಂದ. ತೆಳ್ಳಗಾಗಿದ್ದ, ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿದ್ದ. ನೀಲಗಂಗಾ ಎದ್ದು ನಿಂತಳು.

"ಕ್ಷಮೆ ಗಿಮೆ ಬೇಡ," ಎಂದ ಅವನು. "ನನಗೆ ಇನ್ನೂ ಸಿಟ್ಟಿದೆ, ಇರುತ್ತೆ. ಒಂದು ಮಾತು ಹೇಳಿಹೋಗೋಣ ಅಂತ ಬಂದೆ. ಆ ಪರದೆ ಮುಂದೆ ನಮ್ಮವನೊಬ್ಬ ಇದ್ದಿದ್ದರೆ, ಬಿಸಿಲ ದಂಡೆ ಕರಗಿದೆ ಅಂತ ಅವತ್ತೇ ಹೇಳ್ತಿದ್ದ. ಅವರ ಕಡೆಯವನೂ ಹೇಳ್ತಿದ್ದ. ಈ ನೆಲ ನಮ್ಮದು ಅಂತಲೇ ಇಷ್ಟು ವರ್ಷ ಹೊಡೆದಾಡಿದ್ವಿ. ನೆಲದ ಮಾತು ಕೇಳೋಕೆ ಮಾತ್ರ ದೂರದಿಂದ ನೀವು ಬಂದಿರಿ."

ನೀಲಗಂಗಾ ಆ ಮಾತನ್ನು ಅಂದೇ ಬರೆದುಕೊಂಡಳು. ಓರ್ಕ, ಹೆಲಿಯಾ, ಲಿಂಡ್ವಿಕ್ ಜೊತೆ ಕೂತು ಬೇಸಿಗೆಯಿಡೀ ಅದನ್ನು ಕಲಮುಗಳಾಗಿ ಮಾಡಿದಳು. ಇನ್ನು ಮುಂದೆ ಅಜ್ಜಿ ತಾನೊಬ್ಬಳೇ ತೀರ್ಪು ಹೇಳುವುದಿಲ್ಲ. ಪರದೆಯ ಮುಂದೆ ಸದಾ ಇಬ್ಬರು, ದಂಡೆಗೆ ಒಬ್ಬರಂತೆ. ಇಬ್ಬರೂ ಒಪ್ಪಿ ಬರೆದರೆ ಮಾತ್ರ ಫಲಕದ ಮೇಲೆ ಬರುತ್ತದೆ. ಒಪ್ಪದಿದ್ದರೆ ಇಬ್ಬರೂ ಒಟ್ಟಿಗೆ ಆ ಜಾಗಕ್ಕೆ ನಡೆದುಹೋಗಿ ನೋಡಬೇಕು. ಅವರು ಹಿಂದಿರುಗುವವರೆಗೆ ಯಾರೂ ಬಂದೂಕು ಎತ್ತುವಂತಿಲ್ಲ. ಸಂಸ್ಥೆಯ ಕೆಲಸ ಕೊಠಡಿಯನ್ನು ತೆರೆದಿಡುವುದು, ಯಂತ್ರವನ್ನು ಪ್ರತಿ ಋತುವಿಗೂ ಹದಮಾಡುವುದು, ನಡೆದುಹೋಗುವವರನ್ನು ಕಾಯುವುದು. ಯಂತ್ರದ ಘನತೆ ಕಡಿಮೆಯಾಯಿತು ಎಂದು ಕೇಂದ್ರ ಕಚೇರಿಯವರಿಗೆ ಬೇಸರವಾಯಿತು. ಆದರೂ ಒಪ್ಪಿದರು. ಬ್ರೆಡ್ಡಿನ ಸಾಲಿನ ಕೊಲೆಗಾರರ ತನಿಖೆಯನ್ನು ಕಾಸ್ತಾರಾದ ನ್ಯಾಯಾಧೀಶರೊಬ್ಬರು ವಹಿಸಿಕೊಂಡರು. ಅದು ಇನ್ನೂ ಮುಗಿದಿಲ್ಲ. ಒಡಂಬಡಿಕೆಗೆ ಸಹಿ ಬಿದ್ದದ್ದು ಸೆಪ್ಟೆಂಬರಿನಲ್ಲಿ.

ಅಕ್ಟೋಬರಿನ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಗೆ, ನೆಲ ಜೋರಾಗಿ ನಡುಗಿತು. ಪರದೆಯ ಮುಂದೆ ಇಲೂನಿನ ಕುರಿಗಾಹಿ ಹೆಂಗಸು ವೆರೆನಾ ಮತ್ತು ಪೆಲೀನಿನ ನಿವೃತ್ತ ಅಂಚೆಯವ ಬೊರಿಕ್ ಕೂತಿದ್ದರು. ಅವರಿಗೆ ಕಲಿಸಿದ್ದ ನೀಲಗಂಗಾ ಹಿಂದಿನ ಕುರ್ಚಿಯಲ್ಲಿದ್ದಳು. ಅಜ್ಜಿ ಉತ್ತರ ದಂಡೆ, ನೂರಕ್ಕೆ ಎಂಬತ್ತೆಂಟು ಎಂದಳು. ವೆರೆನಾ ಅದು ಫಿರಂಗಿ ಎಂದಳು. ಬೊರಿಕ್ ಒಪ್ಪಲಿಲ್ಲ. ಹತ್ತು ನಿಮಿಷ ವಾದ ಮಾಡಿದರು. ನೀಲಗಂಗಾಳ ಕಡೆ ಒಬ್ಬರೂ ತಿರುಗಲಿಲ್ಲ. ಅವಳೂ ಬಾಯಿ ತೆರೆಯಲಿಲ್ಲ. ಕಷ್ಟವಾಯಿತು, ಆದರೂ ತೆರೆಯಲಿಲ್ಲ.

"ಹೋಗಿ ನೋಡೋಣ ನಡಿ," ಎಂದ ಬೊರಿಕ್, ಕೋಟು ಹಾಕಿಕೊಳ್ಳುತ್ತ.

"ಬೇಗ ನಡೆಯೋಕಾಗುತ್ತಾ ನಿನಗೆ?"

"ಮೂವತ್ತು ವರ್ಷ ಕಾಗದ ಹಂಚಿದೀನಿ. ನೀನೇ ಹಿಂದೆ ಬೀಳ್ತೀಯ."

ಇಬ್ಬರು ನಡೆದುಹೋಗಿದ್ದಾರೆ ಎಂಬ ಸಾಲು ಎರಡೂ ದಂಡೆಯ ಫಲಕಗಳ ಮೇಲೆ ಬಂತು. ಪೆಲೀನಿನ ಚೌಕದಲ್ಲಿ ಜನ ನಿಂತು ಓದಿದರು. ನದಿಯಾಚೆ ಚೌಕಿಗಳಲ್ಲಿ ಹುಡುಗರು ಬಂದೂಕು ಮಡಿಲಲ್ಲಿಟ್ಟುಕೊಂಡು ಕೂತು ಓದಿದರು. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಬ್ರೆಡ್ಡಿನ ಅಂಗಡಿಯ ಮುಂದೆ ಸಾಲು ಎಂದಿನಂತೆ ನಿಂತಿತ್ತು, ಒಬ್ಬರೂ ಜಾಗ ಬಿಟ್ಟು ಹೋಗಲಿಲ್ಲ. ಉತ್ತರ ದಂಡೆಯ ಕಲ್ಲುಕ್ವಾರಿಯ ಮೇಲಿನ ಬೆಟ್ಟದಲ್ಲಿ ದೊಡ್ಡ ಬಂಡೆಯೊಂದು ಉರುಳಿ ಬಿದ್ದಿದೆ, ಯಾರಿಗೂ ಏನೂ ಆಗಿಲ್ಲ ಎಂದು ಇಬ್ಬರ ಹೆಸರಿನಲ್ಲೂ ಸಂದೇಶ ಬಂದಾಗ ಒಂದೂವರೆ ದಾಟಿತ್ತು.

ನೀಲಗಂಗಾ ಆ ಎರಡೂವರೆ ಗಂಟೆಯ ದಾಖಲೆಯನ್ನು ಮೊದಲಿನಿಂದ ಓಡಿಸಿ ನೋಡಿದಳು. ಇನ್ನೂರ ನಲವತ್ತು ಕಿಲೋಮೀಟರ್ ನೆಲದಲ್ಲಿ ಗುಂಡಿನ ಸದ್ದು ಒಂದೂ ಇರಲಿಲ್ಲ. ಬೆಟ್ಟದ ಹಾದಿಯಲ್ಲಿ ಮೇಲಕ್ಕೆ ಹತ್ತುತ್ತಿದ್ದ ಎರಡು ಜೊತೆ ಹೆಜ್ಜೆಗಳು ಮಾತ್ರ ಇದ್ದವು, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ.